ಶಬರಿ ಕೊಳ್ಳದಲ್ಲಿ ಒಂದು ಬುತ್ತಿ

ಸುರೇಬಾನದಲ್ಲಿ ಬಸ್ಸಿಳಿದು ಗುಡ್ಡದ ಕಡೆ ನಡೆದೆ. ಬಿಸಿಲಿಗೆ ಕಲ್ಲು ಕಾದಿತ್ತು. ಶಬರಿ ಕೊಳ್ಳ ಸೇರಿದರೆ ಹವೆಯೇ ಬೇರೆ: ಮರದ ನೆರಳು, ಸೆಲೆಯ ನೀರು ತುಂಬಿದ ಹೊಂಡ, ಶಬರಿಯ ಹಳೆಯ ಗುಡಿ.

ಕಟ್ಟೆಯ ಮೇಲೆ ಆಯಿಯೊಬ್ಬರು ಬುತ್ತಿ ಬಿಚ್ಚಿದ್ದರು. ರೊಟ್ಟಿ, ಶೇಂಗಾ ಚಟ್ನಿ. ನನ್ನತ್ತಲೂ ಚಾಚಿದರು. "ಶಬರಿ ಕಚ್ಚಿ ಕೊಟ್ಟ ಬಾರಿಹಣ್ಣು ರಾಮದೇವರು ತಿಂದಾನ್ರೀ, ನೀವ್ಯಾಕ ನಾಚ್ತೀರಿ?"

ವಾಲ್ಮೀಕಿಯಲ್ಲಿ ಎಂಜಲಿನ ಮಾತಿಲ್ಲ. ಅದು ಜನ ಕಟ್ಟಿಕೊಂಡ ಕಥೆ. ನನಗೆ ಜನರದೇ ಹೆಚ್ಚು ರುಚಿ.

ಮಾತು ಓಣಿಯ ಹುಡುಗನೊಬ್ಬನ ಕಡೆ ಹೊರಳಿತು. ಆಯಿಯ ದನಿ ತಗ್ಗಿತು. "ಅಂವಗ ದೊಡ್ಡರೋಗ ಐತ್ರಿ. ತಾಟು ಬ್ಯಾರೆ ಇಟ್ಟಾರ."

ದೊಡ್ಡರೋಗವೆಂದರೆ ಕುಷ್ಠ. ಇದೇ ಸೀಮೆಯ ಸವದತ್ತಿಯ ಜೋಗುಳಬಾವಿಯಲ್ಲಿ ಮಿಂದು ರೇಣುಕೆ ಗುಣವಾದಳೆಂದು ಭಕ್ತರು ಹೇಳುವುದೂ ಇಂಥ ರೋಗದಿಂದಲೇ. ಅದು ಬಂದದ್ದು ಗಂಡನ ಶಾಪದಿಂದ. ಗುಣವಾದದ್ದು ಮರೆತುಹೋಗುತ್ತದೆ, ಶಾಪ ಮಾತ್ರ ನೆನಪಿರುತ್ತದೆ. ನಾರ್ವೆಯ ಹ್ಯಾನ್ಸನ್ ಇದರ ಸೂಕ್ಷ್ಮಾಣುವನ್ನು ಕಂಡದ್ದು 1873ರಲ್ಲಿ. ತಾಟು, ಹಾಸಿಗೆ, ಕೈಕುಲುಕುವುದರಿಂದ ಇದು ಅಂಟುವುದಿಲ್ಲ. ಚಿಕಿತ್ಸೆ ಪಡೆಯದವರ ಜೊತೆ ಬಹುಕಾಲ ಒಡನಾಡಿದರಷ್ಟೇ ಉಸಿರಿನ ಹನಿಗಳಿಂದ ಹರಡಬಹುದು. ಆಗಲೂ ಹೆಚ್ಚಿನವರ ಮೈ ಅದನ್ನು ತಾನೇ ತಡೆಯುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಪುಕ್ಕಟೆ, 6 ಇಲ್ಲವೇ 12 ತಿಂಗಳು. ಶುರುಮಾಡಿದ ಸ್ವಲ್ಪ ದಿನಕ್ಕೇ ಹರಡುವುದು ನಿಲ್ಲುತ್ತದೆ. ಆದರೂ ಕುಷ್ಠದ ಕಾರಣ ಹೇಳಿ ವಿಚ್ಛೇದನ ಕೇಳುವ ದಾರಿಯನ್ನು ನಮ್ಮ ಕಾನೂನು ಮುಚ್ಚಿದ್ದು 2019ರಲ್ಲಿ!

"ಆಯಿ, ಹುಡುಗಗ ಏನಾಗೇತಿ?"

"ಬೆನ್ನ ಮ್ಯಾಲ ಬೆಳ್ಳನ ಮಚ್ಚಿ, ಸುಣ್ಣ ಬಳದಂಗ."

"ಅಲ್ಲಿ ಮುಟ್ಟಿದ್ರ ತಿಳಿತೈತೇನು?"

"ತಿಳಿದ ಏನ್ರೀ! ಇರುವಿ ಕಚ್ಚಿದ್ರ ಊರ ಕೇಳೂಹಂಗ ಒದರ್ತಾನ."

ಕುಷ್ಠದ ಮಚ್ಚೆ ಸಾಮಾನ್ಯವಾಗಿ ಮಸುಕು ಇಲ್ಲವೇ ಕೆಂಪು. ಅಲ್ಲಿ ಸ್ಪರ್ಶ ಜೋಮುಗಟ್ಟಿರುತ್ತದೆ. ಸುಣ್ಣದಂತೆ ಬೆಳ್ಳಗಿದ್ದು ಇರುವೆಯ ಕಚ್ಚೂ ತಿಳಿಯುವುದಾದರೆ ಬಹುಶಃ ತೊನ್ನು. ಚರ್ಮದ ಬಣ್ಣ ಹೋಗುವುದಷ್ಟೆ, ಯಾರಿಗೂ ಅಂಟದು. ಶ್ವೇತಕುಷ್ಠವೆಂಬ ಹೆಸರು ಅದಕ್ಕೆ ಇಟ್ಟವರು ಯಾರೋ, ಎರಡು ರೋಗಕ್ಕೂ ಒಂದೇ ತಾಟು ಎತ್ತಿಟ್ಟರು. ಡಾಕ್ಟರಿಗೆ ತೋರಿಸಲಿ, ಯಾವುದೇ ಆಗಿರಲಿ ತಾಟು ಬೇರೆ ಬೇಡ ಅಂದೆ.

ಆಯಿ ಉಳಿದ ರೊಟ್ಟಿ ಅರಿವೆಯಲ್ಲಿ ಕಟ್ಟಿಕೊಂಡು ಎದ್ದರು.

"ಹೇಳಿ ನೋಡ್ತೀನ್ರಿ. ಅವರವ್ವ ಕೇಳಬೇಕಲ್ಲ."