ಮೂರು ಮೂಲೆಯ ಬಟ್ಟೆ

ಒಂದು ಮೀಟರು ಉದ್ದ, ಅಷ್ಟೇ ಅಗಲವುಳ್ಳ ಹತ್ತಿಯ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ತ್ರಿಕೋನಪಟ್ಟಿಗಳು ದೊರೆಯುತ್ತವೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಇಷ್ಟು ಸರಳವಾದ ಸಾಧನಗಳು ವಿರಳ. ಆದರೂ ಆಟದ ಬಯಲಿನಲ್ಲಿ ಬಿದ್ದು ಮುಂಗೈ ಮುರಿದುಕೊಂಡ ಗೆಳೆಯನನ್ನು ವೈದ್ಯರ ಬಳಿಗೆ ಕರೆದೊಯ್ಯುವ ತನಕ ಅವನ ನೋವನ್ನು ತಗ್ಗಿಸಿ, ಎಲುಬು ಅಲುಗದಂತೆ ಕಾಪಾಡಬಲ್ಲುದು ಈ ತುಂಡುಬಟ್ಟೆಯೇ. ಇದಕ್ಕೆ ಈ ಸಾಮರ್ಥ್ಯ ಬಂದುದೆಲ್ಲಿಂದ?

ಮೊದಲನೆಯದು ಆಕಾರ. ಎರಡು ಭುಜಗಳು 1 ಮೀಟರಾದರೆ, ಪೈಥಾಗೊರಸನ ಪ್ರಮೇಯದಂತೆ ಪಾದದ ಉದ್ದ ಸುಮಾರು 1.41 ಮೀಟರು. ಕತ್ತನ್ನು ಬಳಸಿ ಬಂದು ಕೈಯನ್ನು ಹೊರಲು ಇಷ್ಟು ಸಾಕು. ಎರಡನೆಯದು ನೇಯ್ಗೆ. ಬಟ್ಟೆಯನ್ನು ಹಾಸಿನ ಅಥವಾ ಹೊಕ್ಕಿನ ದಿಕ್ಕಿನಲ್ಲಿ ಎಳೆದು ನೋಡಿರಿ. ಅದು ಹೆಚ್ಚು ಹಿಗ್ಗದು. ಓರೆಯಾಗಿ ಎಳೆದರೆ ಹಿಗ್ಗುತ್ತದೆ. ಆಗ ನೂಲುಗಳ ನಡುವಣ ಚೌಕಗಳು ವಜ್ರಾಕೃತಿಗೆ ವಾಲುವುದೇ ಇದಕ್ಕೆ ಕಾರಣ. ಪಟ್ಟಿಯ ಪಾದವು ನೂಲುಗಳಿಗೆ 45 ಡಿಗ್ರಿ ಓರೆಯಾಗಿರುವುದರಿಂದ ಅದು ದೇಹದ ಉಬ್ಬುತಗ್ಗುಗಳಿಗೆ ಹೊಂದಿಕೊಂಡು ಕೂಡುತ್ತದೆ.

ಕರವಸ್ತ್ರದಂಥ ಬಟ್ಟೆಯಿಂದ ಕಟ್ಟು ಹಾಕುವ ಕ್ರಮವನ್ನು 19ನೆಯ ಶತಮಾನದ ಪೂರ್ವಾರ್ಧದಲ್ಲಿ ಪ್ರಚಾರ ಮಾಡಿದವನು ಸ್ವಿಟ್ಸರ್ಲೆಂಡಿನ ಶಸ್ತ್ರವೈದ್ಯ ಮೇಯೋರ್. ಅದನ್ನು ಯುದ್ಧಭೂಮಿಗೂ ಜನಸಾಮಾನ್ಯರಿಗೂ ತಲುಪಿಸಿದ ಕೀರ್ತಿ ಜರ್ಮನಿಯ ಕೀಲ್ ನಗರದ ಪ್ರಾಧ್ಯಾಪಕ ಫ್ರೀಡ್ರಿಕ್ ಎಸ್ಮಾರ್ಕ್‌ನದು. ಕಟ್ಟುವ ವಿಧಾನದ ಚಿತ್ರಗಳನ್ನು ಆತನು ಪಟ್ಟಿಯ ಮೇಲೆಯೇ ಅಚ್ಚು ಹಾಕಿಸಿದನು. ಪಟ್ಟಿಯೇ ಪಾಠವೂ ಆಯಿತು.

ಇನ್ನು ಕೈಜೋಲಿಯನ್ನು ಕಟ್ಟುವ ಬಗೆ. ಗಾಯಾಳು ತನ್ನ ಇನ್ನೊಂದು ಕೈಯಿಂದ ನೊಂದ ಕೈಯನ್ನು ಆಧರಿಸಿಕೊಂಡಿರಲಿ. ಪಟ್ಟಿಯ ತುದಿಮೂಲೆಯು ನೊಂದ ಕೈಯ ಮೊಣಕೈಯನ್ನು ದಾಟುವಂತೆ ಅದನ್ನು ಎದೆಗೂ ಮುಂಗೈಗೂ ನಡುವೆ ತೂರಿಸಬೇಕು. ಮೇಲಿನ ಕೊನೆಯನ್ನು ಕತ್ತಿನ ಹಿಂದಿನಿಂದ ನೊಂದ ಪಕ್ಕಕ್ಕೆ ತರಬೇಕು. ಕೆಳಗಿನ ಕೊನೆಯನ್ನು ಮುಂಗೈಯ ಮೇಲಿಂದ ಎತ್ತಿ, ಕೊರಳೆಲುಬಿನ ಮೇಲಣ ತಗ್ಗಿನಲ್ಲಿ ಎರಡನ್ನೂ ಗಂಟು ಹಾಕಬೇಕು. ಅಂಗೈಯು ಮೊಣಕೈಗಿಂತ ತುಸು ಮೇಲಿರಲಿ. ಮೊಣಕೈ ಮಡಿಸಲು ಬಾರದಿದ್ದರೆ ಬಲಾತ್ಕಾರವಾಗಿ ಮಡಿಸಲಾಗದು.

ಗಂಟಿನಲ್ಲಿಯೂ ವಿಜ್ಞಾನವಿದೆ. ಮೊದಲು ಬಲಗೊನೆಯನ್ನು ಎಡದ ಮೇಲೆ, ಬಳಿಕ ಎಡಗೊನೆಯನ್ನು ಬಲದ ಮೇಲೆ ಹಾಯಿಸಿದರೆ ಗಂಟು ಚಪ್ಪಟೆಯಾಗಿ ಕೂಡುತ್ತದೆ. ಜಾರದು, ಬಿಚ್ಚಲೂ ಸುಲಭ. ಎರಡು ಸಲವೂ ಒಂದೇ ಕಡೆಯಿಂದ ಹಾಯಿಸಿದರೆ ಅದು ಸಡಿಲುವ ಗಂಟು.

ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬೆರಳುಗಳು ಹೊರಗೆ ಕಾಣುತ್ತಿರಬೇಕು. ಉಗುರನ್ನು ಒತ್ತಿ ಬಿಟ್ಟರೆ ಸುಮಾರು 2 ಸೆಕೆಂಡಿನಲ್ಲಿ ಕೆಂಪು ಮರಳುವುದು ಸಹಜ. ಮರಳದಿದ್ದರೆ, ಅಥವಾ ಬೆರಳು ತಣ್ಣಗಾಗಿ ಜೋಮು ಹಿಡಿದರೆ, ರಕ್ತದ ಹರಿವಿಗೆ ತಡೆಯುಂಟಾಗಿರಬಹುದೆಂದು ತಿಳಿದು ಕಟ್ಟನ್ನು ಒಡನೆಯೇ ಸಡಿಲಿಸಬೇಕು. ಬಾವು ಏರುತ್ತಿರುವಾಗ, ಮೊದಲು ಸರಿಯಾಗಿದ್ದ ಕಟ್ಟೂ ಬಿಗಿಯಾಗುವುದುಂಟು. ಕಾಪಾಡಬೇಕಾದ ಬಟ್ಟೆಯೇ ಅಪಾಯ ತರಬಲ್ಲುದು. ಹಾವು ಕಚ್ಚಿದ ಕೈಕಾಲಿಗೆ ಬಿಗಿಯಾಗಿ ಬಿಗಿಯುವ ಹಳೆಯ ರೂಢಿಯನ್ನು ವೈದ್ಯರು ಇಂದು ನಿಷೇಧಿಸುವುದಕ್ಕೆ ಒಂದು ಕಾರಣವೂ ಇದೇ.

ಪೆಟ್ಟಿಗೆ ಇಲ್ಲದ ಕಡೆ ಮನೆಯ ಪಂಚೆ ಸಾಲದೆ? ಅದನ್ನು ಚೌಕವಾಗಿಸಿ ಓರೆಯಾಗಿ ಮಡಿಸಿದರಾಯಿತು. ಬಟ್ಟೆ ಎಲ್ಲೆಡೆಯೂ ಸಿಕ್ಕೀತು. ಕಲಿತ ಕೈ ಮಾತ್ರ ಮೊದಲೇ ಸಿದ್ಧವಾಗಿರಬೇಕು. ಇಂದು ಸಂಜೆಯೇ ತಮ್ಮನ ಅಥವಾ ತಂಗಿಯ ಕೈಗೆ ಒಂದು ಜೋಲಿಯನ್ನು ಕಟ್ಟಿ ನೋಡಿರಿ.