ಕೊನೆಯ ಡಬ್ಬಿಯವರೆಗೆ

ಪ್ಯಾಸೆಂಜರ್ ಗಾಡಿಗಾಗಿ ಕಾಯುವವರನ್ನು ನಾವೆಲ್ಲ ನೋಡಿದ್ದೇವೆ. ಆದರೆ ಗೂಡ್ಸ್ ಗಾಡಿಗಾಗಿ ಕಾಯುವವರುಂಟೇ? ಹತ್ತುವಂತಿಲ್ಲ, ಇಳಿಯುವಂತಿಲ್ಲ, ಯಾವಾಗ ಬರುತ್ತದೆಂಬುದಕ್ಕೆ ಗೋಡೆಯ ಮೇಲೆ ವೇಳಾಪಟ್ಟಿಯೂ ಇಲ್ಲ. ಆದರೂ ರವಿವಾರ ನಸುಕಿನಲ್ಲಿ ಎದ್ದು, ಕ್ಯಾಮೆರಾವನ್ನೋ ಮೊಬೈಲನ್ನೋ ಹಿಡಿದು, ಜೇಜುರಿ ಕಡೆಗೋ ಲೋಣಾವಳಾ ಕಡೆಗೋ ಹೊರಡುವ ಹುಡುಗರು ಪುಣೆಯಲ್ಲಿದ್ದಾರೆ. ನಮ್ಮ ಕನ್ನಡ ಮನೆಗಳಲ್ಲೂ ಇದ್ದಾರೆ. "ಓದು ಬಿಟ್ಟು ಇದೇನು ಹುಚ್ಚು?" ಎಂದು ತಾಯಂದಿರು ಗೊಣಗುವುದೂ ಉಂಟು!

ದೀಪಾವಳಿ ಫರಾಳಕ್ಕೆ ಎಲ್ಲರೂ ಸೇರಿದ್ದಾಗ ನಡೆದ ಒಂದು ಮಾತು ಈ ಲೇಖನಕ್ಕೆ ಕಾರಣವಾಯಿತು. ಕಾಲೇಜು ಓದುವ ಹುಡುಗನೊಬ್ಬ ಜೇಜುರಿ ಸ್ಟೇಶನ್ನಿನಲ್ಲಿ ತಾನು ತೆಗೆದ ಗೂಡ್ಸ್ ಗಾಡಿಯ ಚಿತ್ರವನ್ನು ಎಲ್ಲರಿಗೂ ತೋರಿಸುತ್ತಿದ್ದ. ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು ನೋಡಿದರು. ಅವರು ರೈಲ್ವೆಯಲ್ಲಿ ಗೂಡ್ಸ್ ಗಾರ್ಡ್ ಆಗಿ ನಿವೃತ್ತರಾದವರು.

"ಛಂದ ತೆಗದೀ ತಮ್ಮಾ. ಆದ್ರ ಕೊನೀ ಡಬ್ಬಿ ಯಾಕ ಬಿಟ್ಟೀ?"

"ಇಂಜಿನ್ ಹೋಯ್ತಲ್ಲ ಕಾಕಾ. ಆಮೇಲೆ ಬರೀ ಡಬ್ಬಿಗಳು, ನೋಡೋದಕ್ಕೆ ಏನಿದೆ?"

"ಆ ಕೊನೀ ಡಬ್ಬ್ಯಾಗ ನಾ ಇರ್ತಿದ್ನಲ್ಲೋ!"

ಎಲ್ಲರೂ ನಕ್ಕರು. ಹುಡುಗ ಮಾತ್ರ ನಗಲಿಲ್ಲ. ಆಮೇಲೆ ಕೇಳಿ ತಿಳಿದುಕೊಂಡನಂತೆ: ಮೂವತ್ತಕ್ಕೂ ಹೆಚ್ಚು ವರ್ಷ ಗಾಡಿಯ ಬಾಲದಲ್ಲಿ ಕುಳಿತು ದುಡಿದ ಆ ಕಾಕಾ ಅವರ ಬಳಿ, ಬ್ರೇಕ್ ವ್ಯಾನಿನಲ್ಲಿ ತಾವು ನಿಂತಿರುವ ಒಂದು ಫೋಟೋ ಕೂಡ ಇಲ್ಲ.

ಹವ್ಯಾಸ ಹೊಸದೇನಲ್ಲ

ಗಾಡಿ ನೋಡುವ ಹವ್ಯಾಸಕ್ಕೆ ದೊಡ್ಡ ಇತಿಹಾಸವಿದೆ. ಇಂಗ್ಲೆಂಡಿನಲ್ಲಿ 1942ರಲ್ಲಿ ಇಯಾನ್ ಅಲನ್ ಎಂಬ ತರುಣ ರೈಲ್ವೆ ನೌಕರ ಇಂಜಿನ್‌ಗಳ ಸಂಖ್ಯೆಗಳನ್ನು ಪಟ್ಟಿ ಮಾಡಿ ಒಂದು ಚಿಕ್ಕ ಪುಸ್ತಕ ಹೊರತಂದರು. ಅಂಥ ಪುಸ್ತಕಗಳನ್ನು ಹಿಡಿದು, ಕಂಡ ಇಂಜಿನ್ನಿಗೆಲ್ಲ ಗೆರೆ ಎಳೆಯುತ್ತ ನಿಂತ ಮಕ್ಕಳು ಅಲ್ಲಿ ಲಕ್ಷಾಂತರ. ನಮ್ಮವರೂ ಹಿಂದೆ ಬಿದ್ದಿಲ್ಲ. 1989ರಲ್ಲಿ ಅಮೆರಿಕದಲ್ಲಿದ್ದ ಕೆಲವು ಭಾರತೀಯರು ಇಂಡಿಯನ್ ರೈಲ್ವೇಸ್ ಫ್ಯಾನ್ ಕ್ಲಬ್ ಆರಂಭಿಸಿದರು. ಊರಿನಿಂದ ಸಾವಿರಾರು ಮೈಲಿ ದೂರ ಹೋದಾಗಲೇ ಊರ ಗಾಡಿಯ ಸೀಟಿ ನೆನಪಾಯಿತೇನೋ! ಪುಣೆಯ ಕೋಥ್ರೂಡಿನಲ್ಲಂತೂ 1998ರಲ್ಲಿ ಜೋಶಿಯವರ ಪುಟ್ಟ ರೈಲುಗಳ ಸಂಗ್ರಹಾಲಯವೇ ತೆರೆಯಿತು. ಇನ್ನೂ ನೋಡದವರು ಒಮ್ಮೆ ನೋಡಿ ಬರಬೇಕು.

ಪುಣೆಯವರ ಭಾಗ್ಯ

ಈ ಹವ್ಯಾಸಕ್ಕೆ ಪುಣೆಯಂಥ ಊರು ಸಿಗುವುದು ಅಪರೂಪ. ಇಲ್ಲಿಂದ ಒಂದು ದಾರಿ ಲೋಣಾವಳಾ ಘಟ್ಟ ಇಳಿದು ಮುಂಬಯಿಗೆ, ಇನ್ನೊಂದು ದೌಂಡ್ ಮೂಲಕ ಸೊಲ್ಲಾಪುರಕ್ಕೆ, ಮೂರನೆಯದು ಸಾತಾರಾ ಮಿರಜ್ ಮೂಲಕ ನಮ್ಮ ಬೆಳಗಾವಿ, ಹುಬ್ಬಳ್ಳಿಗೆ ಹೋಗುತ್ತದೆ.

ಲೋಣಾವಳಾದ ಭೋರ್ ಘಟ್ಟವನ್ನೇ ನೋಡಿ. 1856ರಲ್ಲಿ ಅಲ್ಲಿ ಹಳಿ ಹಾಕುವ ಕೆಲಸ ಶುರುವಾಯಿತು. ಗುತ್ತಿಗೆ ಹಿಡಿದಿದ್ದ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ತೀರಿಕೊಂಡಾಗ ಅವರ ಪತ್ನಿ ಆಲಿಸ್ ಆ ಗುತ್ತಿಗೆಯನ್ನು ಕೈಬಿಡದೆ ಮುಂದುವರಿಸಿದರು. 1863ರಲ್ಲಿ ದಾರಿ ತೆರೆಯಿತು. ಒಂದು ಹಂತದಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕಿ ಕೂಲಿಕಾರರು ಅಲ್ಲಿ ಬಂಡೆ ಒಡೆದರು. ಅವರ ಹೆಸರುಗಳು ಯಾವ ಫಲಕದಲ್ಲಿಯೂ ಇಲ್ಲ.

ಆ ಘಟ್ಟದ ಏರು 37ಕ್ಕೆ 1. ಅಂದರೆ 37 ಅಡಿ ಮುಂದೆ ಸಾಗಿದರೆ ಒಂದು ಅಡಿ ಮೇಲೇರಬೇಕು. ಕಾಲ್ನಡಿಗೆಯವರಿಗೆ ಇದು ಏನೇನೂ ಅಲ್ಲ. ಸಾವಿರಾರು ಟನ್ ತೂಕದ ಗಾಡಿಗೆ ಬಹಳ ದೊಡ್ಡದು. ಅದಕ್ಕೇ ಕರ್ಜತ್‌ನಲ್ಲಿ ಗಾಡಿಯ ಹಿಂದೆ 'ಬ್ಯಾಂಕರ್' ಎಂಬ ಹೆಚ್ಚಿನ ಇಂಜಿನ್‌ಗಳನ್ನು ಜೋಡಿಸಿ ಲೋಣಾವಳಾದವರೆಗೆ ನೂಕಿಸುತ್ತಾರೆ. ಮುಂದಿನದು ಎಳೆಯಬೇಕು, ಹಿಂದಿನದು ನೂಕಬೇಕು, ಎರಡಕ್ಕೂ ಹೊಂದಾಣಿಕೆ ಬೇಕು. ಲೋಣಾವಳಾ ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಬ್ಯಾಂಕರ್ ಬಿಚ್ಚುವ ಕೆಲಸವನ್ನು ಕಣ್ಣಾರೆ ನೋಡಬಹುದು.

1929ರಲ್ಲಿ ಪುಣೆಯವರೆಗೆ ವಿದ್ಯುತ್ ಗಾಡಿ ಬಂದಾಗ ಈ ಘಟ್ಟದಲ್ಲಿ ಸರಕು ಎಳೆಯಲು ಉದ್ದ ಮೂತಿಯ ಇಂಜಿನ್‌ಗಳು ಬಂದವು. ಅವುಗಳ ಮೊದಲ ಕೆಲವು ಸ್ವಿಟ್ಜರ್ಲೆಂಡಿನಲ್ಲಿ ತಯಾರಾದವು. ಅವುಗಳನ್ನು ಜಗತ್ತು 'ಮೊಸಳೆ' ಎಂದು ಕರೆದರೆ ನಮ್ಮ ಮರಾಠಿ ಮಂದಿ 'ಖೇಕಡಾ', ಅಂದರೆ ಏಡಿ, ಎಂದರು. ದಶಕಗಟ್ಟಲೆ ದುಡಿದ ಆ 41 ಇಂಜಿನ್‌ಗಳಲ್ಲಿ ಒಂದನ್ನು ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ನಮ್ಮ ಊರಿನ ದಾರಿ

ಇನ್ನು ಮಿರಜ್ ದಾರಿ. ನಿಮ್ಮ ಅಜ್ಜಂದಿರು ಪುಣೆಗೆ ಬಂದದ್ದು ಬಹುಶಃ ಇದೇ ದಾರಿಯಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಇದನ್ನು ಹಾಕಿತು. ಆಗ ಇದು ಮೀಟರ್ ಗೇಜ್. ಹಳಿಗಳ ನಡುವೆ ಬರೀ ಒಂದು ಮೀಟರ್ ಅಂತರ. 1971ರ ಹೊತ್ತಿಗೆ ಪುಣೆಯಿಂದ ಮಿರಜ್‌ವರೆಗೆ ಬ್ರಾಡ್‌ಗೇಜ್ ಆಯಿತು. ಮಿರಜ್‌ನಿಂದ ಆಚೆ, ಬೆಳಗಾವಿ ಕಡೆಗೆ, ಮೀಟರ್ ಗೇಜ್ 1990ರ ದಶಕದವರೆಗೂ ಉಳಿಯಿತು. ಲಾತೂರ್ ಕಡೆಯಿಂದ ಬರುವ ಬಾರ್ಸಿ ರೈಲ್ವೆ ಇನ್ನೂ ಚಿಕ್ಕದು, ಎರಡೂವರೆ ಅಡಿಯದು. ಹೀಗೆ ಮಿರಜ್ ಒಂದೇ ಸ್ಟೇಶನ್ನಿನಲ್ಲಿ ಮೂರು ಅಳತೆಯ ಹಳಿಗಳಿದ್ದವು!

ಇದರ ಅರ್ಥವೇನು ಗೊತ್ತೇ? ಮಂದಿ ಗಂಟುಮೂಟೆ ಹೊತ್ತು ಮಿರಜ್‌ನಲ್ಲಿ ಗಾಡಿ ಬದಲಿಸಬೇಕಿತ್ತು. ಸರಕಿಗೆ ಕಾಲಿಲ್ಲವಲ್ಲ! ಒಂದು ಅಳತೆಯ ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೋಗಬೇಕಾದ ಚೀಲಗಳನ್ನು ಹಮಾಲರು ಬೆನ್ನ ಮೇಲೆ ಹೊತ್ತು ದಾಟಿಸಬೇಕಿತ್ತು. ನಮ್ಮ ಮನೆಗಳ ಹಳೆಯ ಆಲ್ಬಮ್ ತೆರೆದು ನೋಡಿ. ಮದುವೆಯ ಫೋಟೋ ಇವೆ, ಮುಂಜಿವೆಯ ಫೋಟೋ ಇವೆ. ಮಿರಜ್ ಸ್ಟೇಶನ್ನಿನ ಒಂದು ಫೋಟೋ ಇದೆಯೇ? ದಿನವೂ ಕಾಣುವುದನ್ನು ಯಾರು ಫೋಟೋ ತೆಗೆಯುತ್ತಾರೆ ಎಂದು ಎಲ್ಲರೂ ಸುಮ್ಮನಿದ್ದರು. ಒಂದು ದಿನ ಅದು ಇಲ್ಲವಾಯಿತು.

ಈಗಲೂ ಹಾಗೆಯೇ ಆಗುತ್ತಿದೆ. ಪುಣೆಯ ಘೋರ್ಪಡಿ ಡೀಸೆಲ್ ಶೆಡ್ಡಿನ 'ಆಲ್ಕೋ' ಇಂಜಿನ್‌ಗಳು ಈ ದಾರಿಯಲ್ಲಿ ವರ್ಷಗಟ್ಟಲೆ ಓಡಿದವು. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸದಂತೆ ವಾರಾಣಸಿಯಲ್ಲಿ ಇವನ್ನು ಕಟ್ಟುತ್ತಿದ್ದರು. ಗುಡುಗುಡು ಸದ್ದು, ಏರಿನಲ್ಲಿ ಕರಿ ಹೊಗೆ. ಪುಣೆ–ಮಿರಜ್ ದಾರಿಯ ಮೇಲೆ ಈಗ ವಿದ್ಯುತ್ ತಂತಿ ಬಂದಿದೆ. ಹೊಗೆ ಹೋಯಿತು, ಡೀಸೆಲ್ ಉಳಿಯಿತು, ಒಳ್ಳೆಯದೇ. ಆದರೆ ಆ ಸದ್ದು ದಿನೇ ದಿನೇ ಅಪರೂಪವಾಗುತ್ತಿದೆ. ಕೇಳಿದಾಗ ಹಿಡಿದಿಟ್ಟುಕೊಳ್ಳಿ.

ಡಬ್ಬಿಗಳನ್ನು ಓದುವುದು

"ಬರೀ ಡಬ್ಬಿ" ಎಂದನಲ್ಲ ನಮ್ಮ ಹುಡುಗ, ಆ ಡಬ್ಬಿಗಳಲ್ಲೇ ಇದೆ ಸ್ವಾರಸ್ಯ. ಮೇಲೆ ತೆರೆದಿರುವ ಎತ್ತರದ ವ್ಯಾಗನ್ 'ಬಾಕ್ಸ್‌ಎನ್'. ಕಲ್ಲಿದ್ದಲು, ಅದಿರು ಇದರಲ್ಲಿ. ಬಾಗಿಲಿರುವ ಮುಚ್ಚಿದ ವ್ಯಾಗನ್ 'ಬಿಸಿಎನ್'. ಸಕ್ಕರೆ, ಗೊಬ್ಬರ, ಸಿಮೆಂಟು, ಕಾಳು ಇದರಲ್ಲಿ. ಉರುಳೆಯಾಕಾರದ ಟ್ಯಾಂಕು 'ಬಿಟಿಪಿಎನ್'. ಲೋಣಿಯ ತೈಲ ಡಿಪೋ ಕಡೆ ಇವು ಕಾಣಸಿಗುತ್ತವೆ. ಚಿಂಚವಡದಲ್ಲಿ ಕಾರುಗಳನ್ನು ತುಂಬುತ್ತಾರೆ. ಕಿಟಕಿ ಮುಚ್ಚಿದ ಹಳೆಯ ಪ್ಯಾಸೆಂಜರ್ ಬೋಗಿಗಳನ್ನು ಕಂಡರೆ, ಅವು ಮುದಿತನದಲ್ಲಿ ಕಾರು ಹೊರುವ ಕೆಲಸಕ್ಕೆ ಸೇರಿವೆ ಎಂದು ತಿಳಿಯಿರಿ!

ಪ್ರತಿ ವ್ಯಾಗನ್ನಿನ ಮೈಮೇಲೆ 11 ಅಂಕಿಗಳ ಸಂಖ್ಯೆ ಇರುತ್ತದೆ. ಮೊದಲ ಎರಡು ಅಂಕಿ ವ್ಯಾಗನ್ನಿನ ಜಾತಿ. ಮುಂದಿನ ಎರಡು, ಅದು ಯಾವ ರೈಲ್ವೆಗೆ ಸೇರಿದ್ದು ಎಂಬುದು. ಆಮೇಲಿನ ಎರಡು, ತಯಾರಾದ ವರ್ಷ. ನಂತರದ ನಾಲ್ಕು ಅದರ ಸ್ವಂತ ಸಂಖ್ಯೆ. ಕೊನೆಯದು, ಬರೆಯುವಾಗ ತಪ್ಪಾದರೆ ಹಿಡಿಯಲು ಇಟ್ಟ ಅಂಕಿ. ಮೂರು-ನಾಲ್ಕನೆಯ ಅಂಕಿ 01 ಎಂದಿದ್ದರೆ ಮಧ್ಯ ರೈಲ್ವೆ. 15 ಎಂದಿದ್ದರೆ ನೈಋತ್ಯ ರೈಲ್ವೆ. ಅಂದರೆ 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿ ಮಾಡಿಕೊಂಡು ಆರಂಭವಾದ ನಮ್ಮ ರೈಲ್ವೆ. ಗಾಡಿ ನಿಧಾನವಾಗಿ ಸಾಗುವಾಗ '15' ಹುಡುಕುವುದು ಒಳ್ಳೆಯ ಆಟ.

ಒಂದು ಗೂಡ್ಸ್ ಗಾಡಿ ಎಷ್ಟು ಹೊರುತ್ತದೆ ಎಂಬುದಕ್ಕೆ 2016ರ ಏಪ್ರಿಲ್ ನೆನಪು ಮಾಡಿಕೊಳ್ಳಿ. ಲಾತೂರಿನಲ್ಲಿ ಕುಡಿಯಲು ನೀರಿಲ್ಲದಾಗ ಟ್ಯಾಂಕ್ ವ್ಯಾಗನ್‌ಗಳನ್ನು ತೊಳೆದು, ಮಿರಜ್‌ನಲ್ಲಿ ಕೃಷ್ಣೆಯ ನೀರು ತುಂಬಿಸಿ ಕಳಿಸಿದರು. ಮೊದಲ ಗಾಡಿಯಲ್ಲಿ 10 ವ್ಯಾಗನ್, ಸುಮಾರು 5 ಲಕ್ಷ ಲೀಟರ್. ಬಳಿಕ 50 ವ್ಯಾಗನ್‌ಗಳ ಗಾಡಿಗಳು ಹೋದವು. ಲಾತೂರಿನ ಮಂದಿ ಆ ಗಾಡಿಯ ಇಂಜಿನ್ ಯಾವುದೆಂದು ಕೇಳಿರಲಾರರು. ಡಬ್ಬಿಯಲ್ಲಿ ನೀರಿದೆಯೇ ಎಂಬುದೊಂದೇ ಅವರ ಪ್ರಶ್ನೆ.

ಜೀವಕ್ಕಿಂತ ಚಿತ್ರ ದೊಡ್ಡದಲ್ಲ

ಈಗ ಗಟ್ಟಿಯಾಗಿ ಹೇಳಬೇಕಾದ ಮಾತು. ಹಳಿಯ ಮೇಲೆ, ಹಳಿಯ ಪಕ್ಕದ ಜಲ್ಲಿಯ ಮೇಲೆ, ಸುರಂಗದಲ್ಲಿ, ಸೇತುವೆಯ ಮೇಲೆ ಕಾಲಿಡಬೇಡಿ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪ್ಪಣೆಯಿಲ್ಲದೆ ರೈಲ್ವೆ ಜಾಗಕ್ಕೆ ನುಗ್ಗುವುದು ಅಪರಾಧ. 2023ರ ಜುಲೈನಲ್ಲಿ ದೂಧಸಾಗರ ನೋಡಲು ಹಳಿಗುಂಟ ನಡೆದವರಿಗೆ ಬಸ್ಕಿ ಹೊಡೆಸಿದ್ದನ್ನು ಎಲ್ಲರೂ ನೋಡಿ ನಕ್ಕಿದ್ದೇವೆ. ಆದರೆ ಇದು ನಗುವ ವಿಷಯವಲ್ಲ. ತುಂಬಿದ ಬಾಕ್ಸ್‌ಎನ್ ಒಂದೊಂದೂ 80 ಟನ್ನಿಗೆ ಮಿಕ್ಕುತ್ತದೆ. ಅಂಥವು 58 ಸೇರಿದ ಗಾಡಿಯ ಚಾಲಕ ನಿಮ್ಮನ್ನು ಕಂಡು ಬ್ರೇಕ್ ಹಾಕಿದರೂ ಗಾಡಿ ನೂರಾರು ಮೀಟರ್ ಮುಂದೆ ಹೋಗಿಯೇ ನಿಲ್ಲುವುದು.

ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇದೆ. ಮುಟ್ಟುವುದೇ ಬೇಡ, ಹತ್ತಿರ ಹೋದರೂ ಸಾಕು, ಅದು ಎಳೆದುಕೊಳ್ಳುತ್ತದೆ. ಎರಡು ಮೀಟರ್ ದೂರ ಇರಬೇಕೆಂಬುದು ರೈಲ್ವೆಯದೇ ಎಚ್ಚರಿಕೆ. ನಿಂತ ವ್ಯಾಗನ್ ಹತ್ತಿ ಸೆಲ್ಫಿ ತೆಗೆಯಲು ಹೋಗಿ ಸುಟ್ಟುಹೋದ ಮಕ್ಕಳ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಮಕ್ಕಳೂ ನಿಮ್ಮ ಹಾಗೆಯೇ ಮನೆಯಿಂದ ಹೊರಟವರು.

ಹಾಗಾದರೆ ಎಲ್ಲಿ ನಿಲ್ಲಬೇಕು? ಟಿಕೆಟ್ ತೆಗೆದು ಪ್ಲಾಟ್‌ಫಾರ್ಮಿನ ಹಳದಿ ಗೆರೆಯ ಒಳಗೆ ನಿಲ್ಲಿ. ರಸ್ತೆಯ ಮೇಲಿನ ಸೇತುವೆಯ ಕಾಲುದಾರಿಯೂ ಒಳ್ಳೆಯ ಜಾಗ. ಕ್ಯಾಮೆರಾ ತೆರೆಯುವ ಮುನ್ನ ಸ್ಟೇಶನ್ ಮಾಸ್ತರರಿಗೆ ನಮಸ್ಕಾರ ಹೇಳಿ ಕೇಳಿರಿ. ಬೇಡವೆಂದರೆ ಮರುಮಾತಾಡದೆ ಚೀಲದಲ್ಲಿಡಿ. ಚಾಲಕನ ಕಣ್ಣಿಗೆ ಫ್ಲ್ಯಾಶ್ ಹೊಡೆಯಬೇಡಿ. ಡ್ರೋನ್ ಹಾರಿಸಬೇಡಿ. ಒಬ್ಬರೇ ಹೋಗಬೇಡಿ.

ಒಂದು ನೋಟುಬುಕ್ಕು ಇರಲಿ

ಚಿತ್ರ ತೆಗೆದರಷ್ಟೇ ಸಾಲದು. ದಿನಾಂಕ, ಸ್ಟೇಶನ್ನು, ಗಾಡಿ ಯಾವ ಕಡೆಗೆ ಹೊರಟಿತ್ತು, ಇಂಜಿನ್ನಿನ ಸಂಖ್ಯೆ, ಎಷ್ಟು ವ್ಯಾಗನ್, ಎಂಥ ವ್ಯಾಗನ್ ಎಂದು ಬರೆದಿಡಿ. ಕನ್ನಡದಲ್ಲೇ ಬರೆಯಿರಿ, ತಪ್ಪಾದರೂ ಚಿಂತೆಯಿಲ್ಲ. ಹೆಸರಿಲ್ಲದ, ದಿನಾಂಕವಿಲ್ಲದ ಚಿತ್ರ ಇಪ್ಪತ್ತು ವರ್ಷದ ನಂತರ ನಿಮಗೇ ಅಪರಿಚಿತವಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯ ಡಬ್ಬಿ ದಾಟುವವರೆಗೆ ಕ್ಯಾಮೆರಾ ಇಳಿಸಬೇಡಿ. ಇದು ಚಂದಕ್ಕೆ ಹೇಳಿದ ಮಾತಲ್ಲ. ಗಾಡಿ ಸ್ಟೇಶನ್ ದಾಟುವಾಗ ಸಿಬ್ಬಂದಿ ನೋಡುವುದು ಅದನ್ನೇ. ಹಿಂದೆ 'ಎಲ್‌ವಿ' ಫಲಕವೋ ಕೆಂಪು ದೀಪವೋ ಕಂಡರೆ ಗಾಡಿ ಪೂರ್ತಿ ಬಂತು, ನಡುವೆ ಎಲ್ಲೂ ಕಳಚಿಕೊಂಡಿಲ್ಲ ಎಂದು ಅರ್ಥ. ಗಾರ್ಡ್ ಹಸಿರು ನಿಶಾನೆ ತೋರಿಸುತ್ತಾರೆ, ಸ್ಟೇಶನ್ನಿನವರು ಹಸಿರು ತೋರಿಸುತ್ತಾರೆ. 2022ರಿಂದ ಗಾರ್ಡ್ ಎಂಬ ಹೆಸರು ಹೋಗಿ 'ಟ್ರೇನ್ ಮ್ಯಾನೇಜರ್' ಆಗಿದೆ. ಬ್ರೇಕ್ ವ್ಯಾನಿನ ಬದಲು ಯಂತ್ರವೊಂದನ್ನು ಜೋಡಿಸುವ ಪ್ರಯೋಗಗಳೂ ನಡೆದಿವೆ. ಒಂದು ದಿನ ಆ ಡಬ್ಬಿಯೂ, ಅದರಲ್ಲಿ ನಿಂತ ಮನುಷ್ಯನೂ ಇಲ್ಲವಾಗಬಹುದು.

ನಮ್ಮ ಹುಡುಗ ಮುಂದಿನ ತಿಂಗಳು ಮತ್ತೆ ಜೇಜುರಿಗೆ ಹೋದ. ಈ ಸಲ ಕೊನೆಯವರೆಗೆ ತೆಗೆದ. ಬ್ರೇಕ್ ವ್ಯಾನಿನ ಬಾಗಿಲಲ್ಲಿ ನಿಂತವರು ಹಸಿರು ಬಾವುಟ ಹಿಡಿದದ್ದೂ ಅದರಲ್ಲಿ ಬಂದಿತ್ತು. ಕಾಕಾ ಅವರ ಮನೆಗೆ ಒಯ್ದು ತೋರಿಸಿದ. ಅವರು ಎರಡು ಸಲ ನೋಡಿ, "ಗಾಡಿ ಪೂರಾ ಬಂತು ನೋಡು" ಎಂದರಂತೆ. ಆಮೇಲೆ ಎರಡು ತಾಸು ಮಾತಾಡಿದರು. ಮಳೆಗಾಲದ ರಾತ್ರಿಗಳು, ಕಂದೀಲು, ಕಾಡಿನ ನಡುವೆ ಸಿಗ್ನಲ್ಲಿಗಾಗಿ ಕಾದ ತಾಸುಗಳು. ಹುಡುಗ ಅದನ್ನೂ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡ. ಕಾಕಾ ಅವರ ಸ್ವಂತ ಮಕ್ಕಳಿಗೂ ಆ ಕಥೆಗಳು ಗೊತ್ತಿರಲಿಲ್ಲ.

ಯುವ ಮಿತ್ರರೇ, ರೈಲ್ವೆಯಲ್ಲಿ ದುಡಿದ ಹಿರಿಯರು ನಮ್ಮ ಸಂಘದಲ್ಲಿ ಇನ್ನೂ ಕೆಲವರಿದ್ದಾರೆ. ನಿಮ್ಮ ಚಿತ್ರಗಳನ್ನು ತೆಗೆದುಕೊಂಡು ಅವರ ಮನೆಗೆ ಹೋಗಿ. ಚಹಾ ಅವರು ಕೊಡುತ್ತಾರೆ. ಕೇಳುವ ಕೆಲಸ ನಿಮ್ಮದು.