ತಿರುಗುವ ಜಾಯ್‌ಸ್ಟಿಕ್, ಹದಿಮೂರು ತಂತಿ

ಜಪಾನಿನ ಎಸ್‌ಎನ್‌ಕೆ ಕಂಪನಿ 1986ರಲ್ಲಿ ಹೊರತಂದ ‘ಇಕಾರಿ ವಾರಿಯರ್ಸ್’ ಆಟದ ಯೋಧ ಬಲಕ್ಕೆ ಓಡುತ್ತಲೇ ಎಡಕ್ಕೆ ಗುಂಡು ಹಾರಿಸಬಲ್ಲ. ಆಡುವವರ ಕೈಯಲ್ಲಿ ಇರುವುದು ಒಂದೇ ಕೋಲು. ಅದನ್ನು ವಾಲಿಸಿದತ್ತ ನಡಿಗೆ, ಹಿಡಿಕೆ ತಿರುವಿದತ್ತ ಗುರಿ. ಹಿಂದಿನ ವರ್ಷದ ‘ಟಿಎನ್‌ಕೆ 3’ರಲ್ಲೇ ಈ ಉಪಾಯ ಕಾಣಿಸಿಕೊಂಡಿತ್ತು. ಡೇಟಾ ಈಸ್ಟ್ ಕಂಪನಿಯ ‘ಹೆವಿ ಬ್ಯಾರೆಲ್’ (1987) ಮತ್ತು ‘ಮಿಡ್‌ನೈಟ್ ರೆಸಿಸ್ಟೆನ್ಸ್’ (1989) ಕೂಡ ಇದನ್ನೇ ಬಳಸಿದವು.

ಆ ಕಾಲದ ವಿಡಿಯೊ ಗೇಮ್ ಪಾರ್ಲರ್‌ಗಳು ಕರ್ನಾಟಕಕ್ಕೂ ಹೊಸವಲ್ಲ. ಅವುಗಳಿಗೆ ಲೈಸೆನ್ಸ್ ಬೇಕೇ ಬೇಡವೇ ಎಂಬ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, ಬೇಕು ಎಂಬ ತೀರ್ಪು 1995ರಲ್ಲಿ ಬಂತು. ಎರಡು ವರ್ಷಕ್ಕೆ, 1997ರಲ್ಲಿ, ಹಳೆಯ ಆಟಗಳನ್ನು ಮನೆಯ ಕಂಪ್ಯೂಟರಿನಲ್ಲೇ ನಡೆಸುವ ‘ಮೇಮ್’ ತಂತ್ರಾಂಶ ಹುಟ್ಟಿತು. ಆಟವೇನೋ ಮನೆಗೆ ಬಂತು, ತಿರುಗುವ ಕೋಲು ಮಾತ್ರ ಸುಲಭಕ್ಕೆ ಬರಲಿಲ್ಲ.

ಯಾಕೆಂದರೆ ಈ ಕೋಲು ಮಾತಾಡುವ ರೀತಿಯೇ ಬೇರೆ. ಎಸ್‌ಎನ್‌ಕೆ ಆಟಗಳಿಗೆ ಬಳಕೆಯಾದ ಸೈಮಿಟ್ಸು ಎಲ್‌ಎಸ್-30 ಕೋಲಿನೊಳಗೆ ಹನ್ನೆರಡು ಸಂಪರ್ಕಬಿಂದುಗಳಿವೆ. ಫ್ಯಾನ್ ರೆಗ್ಯುಲೇಟರಿನ ಹಾಗೆ ಟಕ್ ಟಕ್ ಎಂದು ತಿರುಗುತ್ತದೆ, ಒಂದೊಂದು ಟಕ್ಕಿಗೆ 30 ಡಿಗ್ರಿ. ಬಿಂದುವಿಗೊಂದರಂತೆ ಹನ್ನೆರಡು ತಂತಿ, ಎಲ್ಲಕ್ಕೂ ಸೇರಿ ಒಂದು ಕಾಮನ್ ತಂತಿ, ಒಟ್ಟು ಹದಿಮೂರು. ಹಿಡಿಕೆ ಈಗ ಎಷ್ಟನೆಯ ಮನೆಯಲ್ಲಿದೆ ಎಂಬುದನ್ನಷ್ಟೇ ಇವು ತಿಳಿಸುತ್ತವೆ. ಮೇಮ್‌ಗಾದರೋ ಹಿಡಿಕೆ ಯಾವ ಕಡೆ ಒಂದು ಹೆಜ್ಜೆ ಸರಿಯಿತು ಎಂಬ ಸುದ್ದಿ ಬೇಕು. ಐ-ಪ್ಯಾಕ್‌ನಂಥ ಸಾಮಾನ್ಯ ಇಂಟರ್‌ಫೇಸ್ ಬೋರ್ಡಿಗೆ ಈ ತಂತಿಗಳನ್ನು ನೇರ ಕೊಟ್ಟರೆ, ಯಾರೋ ಕೀಬೋರ್ಡಿನ ಒಂದು ಕೀಲಿಯನ್ನು ಒತ್ತಿ ಹಿಡಿದಿದ್ದಾರೆ ಎಂದೇ ಅದು ತಿಳಿಯುತ್ತದೆ.

ನಡುವೆ ಒಬ್ಬ ದುಭಾಷಿ ಬೇಕು. ಗ್ರೂವಿ ಗೇಮ್ ಗಿಯರ್‌ನವರ ‘ಜಿಪಿ-ವಿಜ್40 ಮ್ಯಾಕ್ಸ್’ ಈ ಕೆಲಸವನ್ನು ತಾನೇ ಮಾಡುವ ಬೋರ್ಡು. ಹುಬ್ಬಳ್ಳಿ-ಧಾರವಾಡದಲ್ಲಿ ಕೂತು ಅದನ್ನು ವಿದೇಶದಿಂದ ತರಿಸುವ ಬದಲು ಕೈಗೆ ಸಿಗುವ ಆರ್ಡುಯಿನೊ ಲಿಯೊನಾರ್ಡೊ ಬೋರ್ಡಿನಲ್ಲೇ ಅಂಥದೊಂದನ್ನು ಕಟ್ಟಿಕೊಳ್ಳುವುದು ಒಳ್ಳೆಯದು. ಇದರ ಎಟಿಮೆಗಾ32ಯು4 ಚಿಪ್ಪು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಕೀಬೋರ್ಡ್ ಎಂದೇ ಪರಿಚಯ ಹೇಳಿಕೊಳ್ಳುತ್ತದೆ. ಪಿನ್ನುಗಳು 20. ತಿರುಗಣೆಗೆ 12, ನಾಲ್ಕು ದಿಕ್ಕಿಗೆ 4, ಗುಂಡು, ಗ್ರೆನೇಡ್ ಮತ್ತು ಸ್ಟಾರ್ಟ್ ಗುಂಡಿಗಳಿಗೆ 3 ಹೋದರೂ ಒಂದು ಉಳಿಯುತ್ತದೆ. ಚಿಪ್ಪಿನೊಳಗೇ ಪುಲ್-ಅಪ್ ರೆಸಿಸ್ಟರ್ ಇರುವುದರಿಂದ ಕಾಮನ್ ತಂತಿಯನ್ನು ಗ್ರೌಂಡಿಗೆ ಕೊಟ್ಟು, ಉಳಿದವನ್ನು ನೇರ ಪಿನ್ನಿಗೆ ಜೋಡಿಸಿದರಾಯಿತು. ಹೊರಗಿನ ಬಿಡಿಭಾಗ ಒಂದೂ ಬೇಡ.

ನಿಜವಾದ ಜಾಣ್ಮೆ ಪ್ರೋಗ್ರಾಮಿನಲ್ಲಿದೆ. ಮನೆಗಳಿಗೆ 0ಯಿಂದ 11ರವರೆಗೆ ಸಂಖ್ಯೆ ಕೊಟ್ಟು, ಹೊಸದರಿಂದ ಹಳೆಯದನ್ನು ಕಳೆಯಬೇಕು. 4ರಿಂದ 5ಕ್ಕೆ ಬಂದರೆ ಉತ್ತರ 1, ಅಂದರೆ ಬಲಕ್ಕೆ ಒಂದು ಹೆಜ್ಜೆ. ಆದರೆ 11ರಿಂದ 0ಗೆ ಬಂದಾಗ ಉತ್ತರ ಮೈನಸ್ 11. ಅದನ್ನು ಹಾಗೇ ನಂಬಿದರೆ ಒಂದು ಟಕ್ಕಿಗೆ ಯೋಧ ಎಡಕ್ಕೆ ಗಿರ್ರನೆ ಹನ್ನೊಂದು ಹೆಜ್ಜೆ ತಿರುಗಿಬಿಡುತ್ತಾನೆ. ಹಾಗಾಗಿ ಉತ್ತರ ಮೈನಸ್ 6ಕ್ಕಿಂತ ಕೆಳಗಿಳಿದರೆ 12 ಕೂಡಿಸಬೇಕು, 6ನ್ನು ಮೀರಿದರೆ 12 ಕಳೆಯಬೇಕು. ಮೈನಸ್ 11 ಆಗ 1 ಆಗುತ್ತದೆ. ಗಡಿಯಾರ ನೋಡಲು ಕಲಿತ ಮಗುವಿಗೂ ಅರ್ಥವಾಗುವ ಈ ಲೆಕ್ಕವೇ ಇಡೀ ಸಾಧನದ ಜೀವ.

ಇನ್ನೆರಡು ಎಚ್ಚರಗಳಿವೆ. ಒಂದು ಮನೆಯಿಂದ ಇನ್ನೊಂದಕ್ಕೆ ಸರಿಯುವಾಗ ಕ್ಷಣಕಾಲ ಯಾವ ಬಿಂದುವೂ ತಾಗದಿರಬಹುದು, ಇಲ್ಲವೇ ಎರಡೂ ತಾಗಿರಬಹುದು. ಆಗೆಲ್ಲ ಹಳೆಯ ಮನೆಯನ್ನೇ ನೆನಪಿಟ್ಟುಕೊಂಡು, ಒಂದೇ ಬಿಂದು ಸ್ಥಿರವಾಗುವವರೆಗೆ ಕಾಯಬೇಕು. ಎರಡನೆಯದು, ಒಂದೊಂದು ಹೆಜ್ಜೆಗೂ ಬೋರ್ಡು ಒತ್ತುವ ಕೀಲಿಯ ಅವಧಿ. ಆಟ ಸೆಕೆಂಡಿಗೆ ಸುಮಾರು 60 ಸಲ ಮಾತ್ರ ಕೀಲಿಗಳತ್ತ ನೋಡುತ್ತದೆ. ಬೋರ್ಡು ಕಳಿಸುವ ಒತ್ತು 17 ಮಿಲಿಸೆಕೆಂಡಿಗಿಂತ ಕಿರಿದಾದರೆ ಕಣ್ತಪ್ಪಬಹುದು, ಬಹಳ ಹೊತ್ತು ಹಿಡಿದರೆ ಒಂದು ಹೆಜ್ಜೆ ಎರಡಾಗಬಹುದು. ಸುಮಾರು 20 ಮಿಲಿಸೆಕೆಂಡಿನಿಂದ ಶುರುಮಾಡಿ, ಮೇಮ್‌ನ ಅನಲಾಗ್ ಸೆಟ್ಟಿಂಗ್‌ನಲ್ಲಿ ಸೂಕ್ಷ್ಮತೆಯನ್ನು ಹೊಂದಿಸಿಕೊಂಡರೆ ಹದ ಸಿಗುತ್ತದೆ.

1947ರಲ್ಲಿ ಶುರುವಾದ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು ಇಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಧಾರವಾಡದಲ್ಲಿ ಎಸ್‌ಡಿಎಂ ಕಾಲೇಜಿದೆ, 2016ರಿಂದ ಐಐಟಿಯೂ ಇದೆ. ಇಷ್ಟೊಂದು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿರುವ ಅವಳಿ ನಗರದಲ್ಲಿ ಎಲ್‌ಇಡಿ ಮಿಣುಕಿಸುವ ಮೊದಲ ಪಾಠದ ನಂತರ ಎತ್ತಿಕೊಳ್ಳಲು ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಕಡಿಮೆ. ಸಂಪರ್ಕ, ಸಮಯ, ಲೆಕ್ಕ ಮೂರೂ ಒಂದೇ ಹಿಡಿಕೆಯಲ್ಲಿ ಸಿಗುತ್ತವೆ. ಹಳೆಯ ಕೋಲೇ ಬೇಕೆಂದೇನೂ ಇಲ್ಲ, ಹನ್ನೆರಡು ಮನೆಯ, ಸುತ್ತಲೂ ತಡೆಯಿಲ್ಲದೆ ತಿರುಗುವ ಒಂದು ರೋಟರಿ ಸ್ವಿಚ್ಚು ಅಭ್ಯಾಸಕ್ಕೆ ಸಾಕು.

ಬೆಸುಗೆಗೆ ಕೈಹಾಕುವ ಮುನ್ನ ಮಲ್ಟಿಮೀಟರನ್ನು ಕಂಟಿನ್ಯೂಟಿಗೆ ಇಟ್ಟು, ಹಿಡಿಕೆಯನ್ನು ಒಂದೊಂದೇ ಟಕ್ ತಿರುವುತ್ತ, ಬೀಪ್ ಬಂದ ತಂತಿಗೆ ಅದರ ಸಂಖ್ಯೆಯ ಚೀಟಿ ಅಂಟಿಸಿ. ತಂತಿಗಳು ಅದಲುಬದಲಾದರೆ ಎಷ್ಟೇ ಸರಿಯಾದ ಪ್ರೋಗ್ರಾಮೂ ತಪ್ಪು ದಿಕ್ಕಿಗೇ ತಿರುಗಿಸುತ್ತದೆ.